ಉಜ್ಜಿಹಾಕಿದ ನಂಬರು

ನಮ್ಮ ಟಿವಿ ರಿಪೇರಿ ಕಸುಬಿನಲ್ಲಿ ಒಂದು ಪದ್ಧತಿ ಇತ್ತು, ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೆಟ್ಟ ಸೆಟ್ಟಿಗೆ ಯಾವ ಐಸಿ, ಅಂದರೆ ಯಾವ ಕರಿ ಚಿಪ್ಪು, ಹಾಕಿದರೆ ಅದು ಮತ್ತೆ ಬದುಕುತ್ತದೆ ಎಂದು ಕಷ್ಟಪಟ್ಟು ಕಂಡುಹಿಡಿದ ಮೇಲೆ, ಆ ಐಸಿಯ ಬೆನ್ನ ಮೇಲೆ ಅಚ್ಚಾಗಿರುವ ನಂಬರನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಅಳಿಸಿಬಿಡುವುದು. ನಾಳೆ ಅದೇ ಸೆಟ್ಟು ಇನ್ನೊಬ್ಬ ಮೆಕ್ಯಾನಿಕ್ಕಿನ ಮೇಜಿಗೆ ಹೋದರೆ, ಅವನು ಮುಚ್ಚಳ ಬಿಚ್ಚಿ ನೋಡಿ ನಮ್ಮ ವಿದ್ಯೆಯನ್ನು ಪುಕ್ಕಟೆ ಕಲಿಯಬಾರದು, ಅಷ್ಟೇ. ಉಜ್ಜಿದ ಜಾಗಕ್ಕೆ ಒಂದು ಹನಿ ಎಣ್ಣೆ ಸವರಿದರೆ ಕರ್ರಗೆ ಹೊಸದರ ಹಾಗೇ ಕಾಣುತ್ತಿತ್ತು. ಇದನ್ನು ಸಣ್ಣತನ ಎಂದು ನಾನು ಯಾವತ್ತೂ ಅಂದುಕೊಂಡವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಹತ್ತಿರ ಗೋಡೆಗೆ ಹಾಕಲು ಸರ್ಟಿಫಿಕೇಟು ಇರುವುದಿಲ್ಲ. ನಾನು ಓದಿದ್ದೆಲ್ಲ ಆ ನಂಬರುಗಳಲ್ಲೇ ಇತ್ತು. ಅದನ್ನು ಬೀದಿಗೆ ಬಿಡುವುದುಂಟೆ?

ಈಗ ಡಬ್ಬಾ ಟಿವಿಗಳ ಕಾಲ ಮುಗಿದಿದೆ. ಲಕ್ಷ್ಮೀಪುರಂನ ಅಡ್ಡರಸ್ತೆಯ ನನ್ನ ಅಂಗಡಿಗೆ ಜನ ಬರುವುದು ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಹಿಡಿದುಕೊಂಡು. ನಾನು ಅವನ್ನು ವಿಸಿಆರ್‌ನಲ್ಲಿ ಓಡಿಸಿ, ಕಂಪ್ಯೂಟರಿನಲ್ಲಿ ಹಿಡಿದು, ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ವಿಸಿಆರ್‌ನಿಂದ ಬರುವ ಚಿತ್ರವನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬದಲಿಸಲು ಅದರೊಳಗೆ ಒಂದು ಹಸಿರು ಟಿವಿ ಕಾರ್ಡು ಕೂರಿಸಿರುತ್ತೇವೆ. ನನ್ನದು ಬಹಳ ಹಳೆಯ ಕಾರ್ಡು. ಅದು ಕೊಡುವ ಬಣ್ಣಕ್ಕೆ ಮದುವೆ ವಿಡಿಯೋದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ಕಾರಣಕ್ಕೇ ತಂದ ವಾರದಲ್ಲೇ ಅದರ ಹೆಸರಿನ ಸ್ಟಿಕ್ಕರು ಕಿತ್ತು, ಮೇಲಿದ್ದ ಎರಡು ದೊಡ್ಡ ಐಸಿಗಳ ನಂಬರನ್ನು ಉಜ್ಜಿ ಹಾಕಿದ್ದೆ. ಎಣ್ಣೆಯನ್ನೂ ಸವರಿದ್ದೆ.

ಹೋದ ವರ್ಷ ಒಬ್ಬ ಹೆಣ್ಣುಮಗಳು ಒಂದು ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಐವತ್ತರ ಹತ್ತಿರದ ವಯಸ್ಸು. ತಲೆಮಾರುಗಳಿಂದ ಇಲ್ಲೇ ಇರುವ ಕ್ಯಾಥೊಲಿಕ್ ಮನೆತನದವರು, ನರ್ಸು ಕೆಲಸ. ಕ್ಯಾಸೆಟ್ಟು ಅವರ ಮದುವೆಯದ್ದು.

“ಪೂರ್ತಿ ಬೇಕಾಗಿಲ್ಲ ಅಣ್ಣ. ಶಬ್ದಾನೂ ಬೇಡ. ರಿಸೆಪ್ಶನ್‌ನಲ್ಲಿ ನಮ್ಮಮ್ಮ ಮಾತಾಡಿದ್ದು ಎರಡು ನಿಮಿಷ ಇದೆ. ಅದು ಕಂಡ್ರೆ ಸಾಕು” ಅಂದರು.

“ಶಬ್ದ ಇಲ್ಲದೆ ಮಾತು ಎಂಥದು ಮೇಡಂ?”

“ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಮಾತಾಡೋದೆಲ್ಲ ಕೈಯಲ್ಲೇ.”

ಆಮೇಲೆ ನಿಧಾನವಾಗಿ ಹೇಳಿದರು. ಅವರಲ್ಲಿ ರಿಸೆಪ್ಶನ್ ದಿನ ಹಿರಿಯರೊಬ್ಬರು ಎದ್ದು ನಿಂತು ಗಂಡುಹೆಣ್ಣಿನ ಬಗ್ಗೆ ನಾಲ್ಕು ಮಾತಾಡಿ ಗ್ಲಾಸು ಎತ್ತುವ ರೂಢಿ. ತಂದೆ ತೀರಿಕೊಂಡಿದ್ದರಿಂದ ಆ ದಿನ ಅಮ್ಮನೇ ಎದ್ದು ನಿಂತರಂತೆ. ಮದುಮಗಳು ಕುರ್ಚಿಯಲ್ಲಿ ಜನರ ಕಡೆ ಮುಖ ಮಾಡಿ ಕೂತಿದ್ದಳು, ಅಮ್ಮ ಅವಳ ಬೆನ್ನ ಹಿಂದೆ, ಕೈ ಆಡಿದ್ದು ಅವಳಿಗೆ ಕಾಣಲಿಲ್ಲ. ಸಭೆಗೆ ಅರ್ಥ ಹೇಳಿದ್ದು ದೊಡ್ಡಮ್ಮ. ಅಮ್ಮ ಎರಡು ನಿಮಿಷ ಕೈಯಾಡಿಸಿದರೆ ದೊಡ್ಡಮ್ಮ ಹೇಳಿದ್ದು ಒಂದೇ ಸಾಲು: ದೇವರು ಇಬ್ಬರಿಗೂ ಒಳ್ಳೇದು ಮಾಡಲಿ ಅಂತಿದ್ದಾಳೆ.

“ಅಷ್ಟು ಹೊತ್ತು ಅಷ್ಟೇನಾ ಹೇಳಿರ್ತಾರೆ, ನೀವೇ ಹೇಳಿ. ಆಮೇಲೆ ಕೇಳಿದ್ರೆ ಅಮ್ಮ ನಗ್ತಾ ಇದ್ರು, ಹೇಳ್ತಿರಲಿಲ್ಲ. ಕ್ಯಾಸೆಟ್ ಬಂದಾಗ ನೋಡಣ ಅಂತ ಹಾಕಿದ್ರೆ, ಸರಿಯಾಗಿ ಅಲ್ಲೇ ಪ್ಲೇಯರ್ ಟೇಪನ್ನ ನುಂಗಿಬಿಡ್ತು. ಎಳೆದು ತೆಗೆದು ಸೆಲೋಟೇಪ್ ಹಚ್ಚಿ ಇಟ್ವಿ, ಅಷ್ಟೇ.”

“ಈಗ ಕೇಳಬಹುದಲ್ಲ ಅಮ್ಮನ್ನೇ?”

“ಸ್ಟ್ರೋಕ್ ಆಗಿದೆ ಅಣ್ಣ. ಬಲಗೈ ಹೋಯ್ತು. ಎಡಗೈ ಚೆನ್ನಾಗಿದೆ, ಆದ್ರೆ ಎತ್ತಲ್ಲ. ಒಂದು ಕೈಯಲ್ಲಿ ಮಾತಾಡಿದ್ರೆ ತೊದಲಿದ ಹಾಗೆ, ನಾಚಿಕೆ ಅವರಿಗೆ. ಒಂದು ವರ್ಷದಿಂದ ಮನೇಲಿ ಒಂದು ಮಾತಿಲ್ಲ.”

ನಾನು ಯಾವ ಕೆಲಸವನ್ನೂ ಆಗಲ್ಲ ಎಂದು ವಾಪಸ್ ಕಳಿಸಿದವನಲ್ಲ. “ಬಿಟ್ಟು ಹೋಗಿ ಮೇಡಂ, ಮಾಡಿಕೊಡ್ತೀನಿ” ಎಂದು ದೊಡ್ಡದಾಗಿ ಹೇಳಿಬಿಟ್ಟೆ.

ಬಿಚ್ಚಿ ನೋಡಿದರೆ ಹತ್ತು ಅಡಿ ಟೇಪು ಹಪ್ಪಳದ ಹಾಗೆ ಸುಕ್ಕಾಗಿತ್ತು. ಅಂಚಿಗೆಲ್ಲ ಬೂಷ್ಟು. ಬೂಷ್ಟು ಒರೆಸಿ, ಸೆಲೋಟೇಪು ಕಿತ್ತು ಸರಿಯಾದ ಪಟ್ಟಿಯಿಂದ ಜೋಡಿಸುವುದಕ್ಕೇ ಎರಡು ದಿನ ಹಿಡಿಯಿತು. ಬೆರಳಿಗೆ ಕಂದು ಪುಡಿ ಅಂಟುತ್ತಿತ್ತು. ಆ ಪುಡಿಯೇ ಚಿತ್ರ. ಒಂದೊಂದು ಸಲ ಓಡಿಸಿದಾಗಲೂ ಅಷ್ಟಷ್ಟು ಚಿತ್ರ ಉದುರುತ್ತದೆ. ಎರಡು ಸಲ, ಹೆಚ್ಚೆಂದರೆ ಮೂರು ಸಲ ಓಡಿಸಬಹುದು ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಕಂಪ್ಯೂಟರಿನೊಳಗೆ ಹಿಡಿದುಬಿಟ್ಟರೆ ಆಮೇಲೆ ಎಷ್ಟು ಸಲ ಬೇಕಾದರೂ ನೋಡಬಹುದು, ಒಂದೊಂದೇ ಚಿತ್ರವಾಗಿ ನಿಲ್ಲಿಸಲೂಬಹುದು.

ಆದರೆ ಅದೇ ತಿಂಗಳು ನನ್ನ ಹಳೆಯ ಕಂಪ್ಯೂಟರು ಕೈಕೊಟ್ಟಿತ್ತು. ಇನ್ನೊಂದನ್ನು ತಂದೆನಾದರೂ ಕಾರ್ಡಿನ ಜೊತೆ ಬಂದಿದ್ದ, ಹೆಸರು ಕಾಣದ ಹಾಗೆ ನಾನೇ ಕೆರೆದಿದ್ದ ಸೀಡಿ ಅದರಲ್ಲಿ ಓಡಲೇ ಇಲ್ಲ. ಸರಿ, ಈಗ ಎಲ್ಲ ಕಡೆ ಸಿಗುವ, ಪೆನ್‌ಡ್ರೈವಿನಷ್ಟೇ ಉದ್ದದ ಒಂದು ಸಾಧನ ಹಾಕಿ ಓಡಿಸಿದೆ. ಚರ್ಚು ಬಂತು, ಕೇಕು ಬಂತು. ಅಮ್ಮ ಎದ್ದು ನಿಂತರು. ಕೈ ಮೇಲೆತ್ತಿದರು. ಪರದೆ ಪೂರ್ತಿ ನೀಲಿ! ಸುಕ್ಕಿನಲ್ಲಿ ಚಿತ್ರ ಸ್ವಲ್ಪ ಅಲುಗಿದ ಕೂಡಲೇ ಆ ಸಾಧನ, ಸಿಗ್ನಲ್ಲೇ ಇಲ್ಲ ಎಂದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಎರಡು ನಿಮಿಷ ನೀಲಿ. ಆಮೇಲೆ ಜನರೆಲ್ಲ ಚಪ್ಪಾಳೆ ತಟ್ಟುವುದು ಕಂಡಿತು. ನನ್ನ ಮೂರರಲ್ಲಿ ಒಂದು ಹೋಯಿತು.

ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಷ್ಟ್ರೊಬ್ಬರು ನನ್ನ ಹಳೆಯ ಗಿರಾಕಿ. ಅವರ ಹತ್ತಿರ ಹೋದೆ.

“ನಿಮ್ಮ ಹಳೇ ಕಾರ್ಡೇ ಚಿನ್ನ ಕಣ್ರೀ. ಕಂಪ್ಯೂಟರ್ ನಡೆಸೋ ಬೇರೆ ಸಿಸ್ಟಮ್ ಇದೆ, ಲಿನಕ್ಸ್ ಅಂತ, ಅದನ್ನ ಹಾಕೋಣ. ಈ ಥರದ ಕಾರ್ಡುಗಳಿಗೆ ಅದರಲ್ಲಿ ಡ್ರೈವರ್ ಇದೆ” ಅಂದರು. ಡ್ರೈವರ್ ಎಂದರೆ ಕಂಪ್ಯೂಟರಿಗೂ ಕಾರ್ಡಿಗೂ ನಡುವೆ ನಿಂತು ಮಾತಾಡಿಸುವ ಪ್ರೋಗ್ರಾಮು ಎಂದು ವಿವರಿಸಿದರು.

“ಯಾವ ಕಂಪನಿಯದು ಸಾರ್?”

“ಕಂಪನಿ ಇಲ್ಲ. ಯಾರ್ಯಾರೋ ಬರೆದಿದ್ದಾರೆ. ಒಬ್ಬ ಶುರು ಮಾಡಿದ, ಇನ್ನೊಬ್ಬ ತಿದ್ದಿದ. ಒಳಗಡೆ ಹೇಗೆ ಬರೆದಿದ್ದಾರೆ ಅನ್ನೋದನ್ನ ಯಾರು ಬೇಕಾದ್ರೂ ಓದಬಹುದು.”

“ಪುಕ್ಕಟೇನಾ?”

“ಪುಕ್ಕಟೆ.”

“ಯಾಕ್ ಸಾರ್, ಅವರಿಗೇನ್ ಬಂತು?”

ಮೇಷ್ಟ್ರು ನಕ್ಕರು. ಪುಕ್ಕಟೆ ಸಿಗುವ ವಸ್ತುವಿನ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಬೇರೆ ದಾರಿ ಇಲ್ಲದೆ ಒಪ್ಪಿದೆ.

ಒಂದು ಭಾನುವಾರ ಅಂಗಡಿಗೆ ಬಂದು ಹಾಕಿಕೊಟ್ಟರು. ಕಾರ್ಡು ಕೂರಿಸಿ ಸ್ವಿಚ್ ಒತ್ತಿದರೆ, ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಓಡಿದವು. ಕೊನೆಗೆ ಡ್ರೈವರು ಹೇಳಿದ್ದು ಇಷ್ಟು: ಕಾರ್ಡೊಂದು ಇದೆ, ಆದರೆ ಇದು ಯಾರು ಎಂದು ಗೊತ್ತಿಲ್ಲ. ಕೆಲವು ಕಾರ್ಡುಗಳು ತಮ್ಮ ಗುರುತನ್ನು ತಾವೇ ಹೇಳುತ್ತವಂತೆ, ನನ್ನಂಥವು ಹೇಳುವುದಿಲ್ಲವಂತೆ. ಅವಕ್ಕೆ ಒಂದು ಪಟ್ಟಿ ಇದೆ. ನೂರೈವತ್ತಕ್ಕಿಂತ ಹೆಚ್ಚು ಕಾರ್ಡು, ಒಂದೊಂದಕ್ಕೆ ಒಂದು ನಂಬರು. ನಮ್ಮದು ಇಂಥ ನಂಬರಿನದು ಎಂದು ನಾವೇ ಹೇಳಬೇಕು. ಹೇಳಿದರೆ ಚಿತ್ರ ಯಾವ ದಾರಿಯಲ್ಲಿ ಒಳಗೆ ಬರುತ್ತದೆ ಎಂದು ಅದಕ್ಕೆ ತಿಳಿಯುತ್ತದೆ. ನಾವು ಅಂದಾಜಿನ ಮೇಲೆ ಹತ್ತು ಹನ್ನೆರಡು ನಂಬರು ಕೊಟ್ಟು ನೋಡಿದೆವು. ಬರೀ ಕಪ್ಪು, ಇಲ್ಲವೇ ಬೂದುಬಣ್ಣದ ಗೆರೆ. ಹದಿಮೂರನೆಯದಕ್ಕೆ ಕಂಪ್ಯೂಟರೇ ಕಲ್ಲಾಗಿ ನಿಂತಿತು.

“ಹೀಗೆ ಕುರುಡು ಕುರುಡಾಗಿ ಬೇಡ, ಅವರನ್ನೇ ಕೇಳೋಣ” ಎಂದು ಮೇಷ್ಟ್ರು ಆ ಡ್ರೈವರು ನೋಡಿಕೊಳ್ಳುವವರ ಗುಂಪಿಗೆ ಒಂದು ಮೇಲ್ ಬರೆದರು. ನನಗೆ ಬರುವ ಇಂಗ್ಲಿಷೆಲ್ಲ ಐಸಿ ನಂಬರಿನ ಹಿಂದೆಮುಂದೆ ಇರುವ ಎರಡು ಮೂರು ಅಕ್ಷರ, ಅಷ್ಟೇ. ನಾನು ಹೇಳಿದೆ, ಅವರು ಬರೆದರು.

ಮಾರನೆಯ ದಿನವೇ ಉತ್ತರ! ಯಾವ ದೇಶದವನೋ, ನನ್ನ ಮುಖ ಕಂಡವನಲ್ಲ, ಇಷ್ಟುದ್ದ ಬರೆದಿದ್ದ. ಮೊದಲನೇ ಪ್ರಶ್ನೆ: ಕಾರ್ಡಿನ ಮೇಲಿನ ದೊಡ್ಡ ಐಸಿಗಳ ಮೇಲೆ ಏನು ಬರೆದಿದೆ?

ಮೇಷ್ಟ್ರು ಓದಿ ನನ್ನ ಕಡೆ ನೋಡಿದರು. ನಾನು ಫ್ಯಾನ್ ನೋಡಿದೆ.

“ಹಳೇದಲ್ವಾ ಸಾರ್, ಅಳಿಸಿಹೋಗಿದೆ ಅಂತ ಬರೀರಿ” ಅಂದೆ.

ಬರೆದರು. ಹಾಗಾದರೆ ಒಂದು ಫೋಟೋ ಕಳಿಸಿ ಎಂದು ಅವನು ಬರೆದ. ಫೋಟೋ ಕಳಿಸಿದೆವು. ಈ ಸಲ ಉತ್ತರ ಚಿಕ್ಕದಿತ್ತು. ಇದು ತಾನಾಗಿ ಅಳಿಸಿದ ಹಾಗೆ ಕಾಣುತ್ತಿಲ್ಲ, ಯಾರೋ ಉಜ್ಜಿದ್ದಾರೆ. ಇದನ್ನು ಮಾಡಿದವನನ್ನು ಹಿಡಿದು ಕೇಳಿದರೆ ನಂಬರು ಗೊತ್ತಾಗಬಹುದೇನೋ ಎಂದಿತ್ತು. ಕೊನೆಯಲ್ಲಿ ನಗುವಿನ ಒಂದು ಗುರುತು. ಮೇಷ್ಟ್ರು ಅದನ್ನು ಕನ್ನಡದಲ್ಲಿ ಹೇಳುವಾಗ ನಾನು ಕಾರ್ಡನ್ನು ಮಗುಚಿ ಇಟ್ಟೆ.

“ನೀವೇನಾ?” ಅಂದರು.

“ನಾನೇ.”

“ನಂಬರು ನೆನಪಿಲ್ವಾ?”

ನೆನಪಿರಲಿಲ್ಲ. ಇನ್ನೊಬ್ಬರಿಗೆ ತಿಳಿಯಬಾರದು ಎಂದು ಎಲ್ಲೂ ಬರೆದೂ ಇಟ್ಟಿರಲಿಲ್ಲ. ಬರೆದಿಟ್ಟರೆ ಯಾರಾದರೂ ಓದಿಬಿಟ್ಟಾರು! ಅಷ್ಟು ಜಾಣ ನಾನು. ಆ ಜಾಣತನದ ಬೆಲೆಯನ್ನು ಈಗ ತೆರುತ್ತಿರುವುದು ಯಾರೋ ಒಬ್ಬ ತಾಯಿ ಮಗಳು ಎಂದು ಹೊಳೆಯಿತು. ಆ ಮೇಡಂ ಫೋನು ಬಂದರೆ ಎತ್ತುವುದಕ್ಕೇ ಹಿಂಜರಿಕೆ.

ಒಬ್ಬನಿದ್ದ. ರಾಜೀವನಗರದಲ್ಲಿ ಸಿಸಿಟಿವಿ ಕ್ಯಾಮೆರಾ ಹಾಕುವ ಅಂಗಡಿ ಅವನದು. ನಾವಿಬ್ಬರೂ ಚಿಕ್ಕಂದಿನಲ್ಲಿ ಒಬ್ಬನೇ ಮೇಸ್ತ್ರಿಯ ಹತ್ತಿರ, ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಕೆಲಸ ಕಲಿತವರು. ಆಮೇಲೆ ಎದುರುಬದುರು ಅಂಗಡಿ ಹಾಕಿ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಂಡು, ಮಾತು ಬಿಟ್ಟಿದ್ದೆವು. ನಾನು ಕಾರ್ಡಿನ ನಂಬರು ಉಜ್ಜಿದ್ದು ಬೇರೆ ಯಾರಿಗೆ ಹೆದರಿ? ಅವನಿಗೇ. ಹಳೆಯ ಸಾಮಾನು ಒಂದನ್ನೂ ಬಿಸಾಡದವನು ಅವನು ಎಂದು ಮಾತ್ರ ನನಗೆ ಗೊತ್ತಿತ್ತು.

ಕಾರ್ಡನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅಂಗಡಿಯ ಎದುರು ಇಳಿದ ಮೇಲೂ ಟೀ ಕುಡಿಯುವ ನೆಪದಲ್ಲಿ ಆಚೆ ಬದಿಯಲ್ಲಿ ಸುಮಾರು ಹೊತ್ತು ನಿಂತಿದ್ದೆ. ಅವನೇ ನೋಡಿ ಕೂಗಿದ.

“ಏನ್ಲಾ, ದಾರಿ ತಪ್ಪಿ ಬಂದ್ಬುಟ್ಟೆಯಾ? ಇಲ್ಲಾ ನಾನ್ ಸತ್ನೋ ಇದೀನೋ ನೋಡಕ್ ಬಂದ್ಯಾ?”

“ಬದುಕಿದ್ದೀಯಲ್ಲ, ಅದೇ ಬೇಜಾರು” ಅಂದೆ. ಇಷ್ಟು ವರ್ಷದ ಮೇಲೆ ನಾವು ಆಡಿದ ಮೊದಲ ಮಾತು ಅದು.

ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟೆ. ಅವನು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಉಜ್ಜಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ.

“ಎಂಗ್ ಉಜ್ಜಿದೀಯ ನೋಡು! ಪಾತ್ರೆ ಬೆಳಗ್ದಂಗೆ!”

“ನಗು ಆಮೇಲೆ. ಇದರ ನಂಬರು ನಿನಗೇನಾದ್ರೂ ಗೊತ್ತಾ?”

“ನೀನು ಉಜ್ಜಿದ ಮಾರನೇ ದಿನವೇ ಗೊತ್ತಿತ್ತು ಕಣೋ. ನೀನು ತಂದಿದ್ದು ಎಲ್ಲಿ, ಬೆಂಗಳೂರಲ್ಲಿ ತಾನೆ? ಅದೇ ಅಂಗಡಿಗೋಗಿ, ನಮ್ಮೂರವ್ರು ಒಬ್ರು ತಕ್ಕೊಂಡೋದ್ರಲ್ಲ, ಅದೇ ಕೊಡಿ ಅಂದೆ. ಕೊಟ್ಟ. ಆರು ವರ್ಷ ಅದ್ರಲ್ಲೇ ಅನ್ನ ತಿಂದಿದೀನಿ.”

ನಾನು ಕಾಪಾಡಿದ ಗುಟ್ಟಿನ ಆಯಸ್ಸು ಒಂದು ದಿನ! ಕೋಪ ಬರಬೇಕಿತ್ತು. ನಗು ಬಂತು. ಅವನು ಒಳಗಿನಿಂದ ಒಂದು ಬಿಸ್ಕತ್ ಡಬ್ಬ ತಂದು, ಕೈಯಾಡಿಸಿ, ನನ್ನ ಕಾರ್ಡಿನ ಅವಳಿ ತಂಗಿಯನ್ನು ಹೊರತೆಗೆದ. ಮಳೆನೀರು ಬಿದ್ದು ಕಾಲುಗಳೆಲ್ಲ ತುಕ್ಕು ಹಿಡಿದಿದ್ದವು, ಕೆಲಸಕ್ಕೆ ಬರುವಂತಿರಲಿಲ್ಲ. ಆದರೆ ಸ್ಟಿಕ್ಕರು ಹಾಗೇ ಇತ್ತು. ಎರಡೂ ಐಸಿಗಳ ಮೇಲೆ ಬಿಳಿ ಅಕ್ಷರ ಹೊಳೆಯುತ್ತಿತ್ತು.

“ನೀನು ಯಾಕೆ ಉಜ್ಜಲಿಲ್ಲ?”

“ಉಜ್ಜೋಕೆ ಸೋಂಬೇರಿತನ ಕಣೋ” ಅಂದ. “ಏನಕ್ಕೆ ಈಗ ಇದು?”

ತಾಯಿ ಮಗಳ ವಿಷಯ ಹೇಳಿದೆ. ಅವನು ಕೇಳಿ, ಕಾರ್ಡನ್ನು ನನ್ನ ಜೇಬಿಗೇ ತುರುಕಿ, “ಫೋಟೋ ಗೀಟೋ ಬೇಡ, ತಕ್ಕೊಂಡೇ ಓಗು” ಅಂದ. ಎದುರು ಹೋಟೆಲಿನಿಂದ ಕಾಫಿ ತರಿಸಿದ. ಒಂದೇ ಲೋಟದ್ದನ್ನು ಎರಡು ಮಾಡಿಸಿ, ಹಿಂದೆ ಮೇಸ್ತ್ರಿಯ ಅಂಗಡಿಯಲ್ಲಿ ಕುಡಿಯುತ್ತಿದ್ದ ಹಾಗೆಯೇ.

ಆ ಸಂಜೆ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿ ಬರೆಸಿದೆ. ಉಜ್ಜಿದ್ದು ನಾನೇ ಎಂದು, ಯಾಕೆ ಎಂದು, ನಮ್ಮ ಕಸುಬಿನ ಪದ್ಧತಿ ಹೀಗೆ ಎಂದು. ಜೊತೆಗೆ ಎರಡನೇ ಕಾರ್ಡಿನ ಫೋಟೋ, ಹಿಂದೆ ಮುಂದೆ. ಸ್ಟಿಕ್ಕರಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅದೇ ಐಸಿಗಳಿದ್ದ, ಬೇರೆ ಹೆಸರಿನ ಇನ್ನೊಂದು ಕಾರ್ಡು ಇತ್ತು, ಆ ನಂಬರು ಕೊಟ್ಟು ನೋಡಿ ಎಂದು ಅವನು ಬರೆದ. ಪದ್ಧತಿಯ ಬಗ್ಗೆ ಏನೂ ಅನ್ನಲಿಲ್ಲ. ಕ್ಯಾಸೆಟ್ಟು ಹಾಳಾಗಿದ್ದರೆ ಡ್ರೈವರಿನಲ್ಲಿ ವಿಸಿಆರ್‌ಗೆಂದೇ ಒಂದು ಸ್ವಿಚ್ಚಿದೆ, ಅದನ್ನು ಹಾಕಿದರೆ ಅಲುಗುವ ಚಿತ್ರವನ್ನೂ ಬಂದ ಹಾಗೇ ಹಿಡಿಯುತ್ತದೆ ಎಂದು ಸೇರಿಸಿದ್ದ. ಸುಕ್ಕಾದ ಟೇಪು ಎಂಬ ಕಷ್ಟ ಬೇರೆ ಯಾವನಿಗೋ ಎಂದೋ ಬಂದು, ಅವನು ಅದಕ್ಕೆ ಪರಿಹಾರ ಹುಡುಕಿ, ಅಳಿಸಿಹಾಕದೆ ಅಲ್ಲೇ ಬಿಟ್ಟುಹೋಗಿದ್ದ. ಅವನಿಗೇನು ಬಂತು ಎಂದು ಈ ಸಲ ನಾನು ಕೇಳಲಿಲ್ಲ.

ಮೊದಲು ನಮ್ಮ ಮನೆಯ ಬೇರೊಂದು ಹಾಳು ಕ್ಯಾಸೆಟ್ಟು ಹಾಕಿ ಪರೀಕ್ಷೆ ಮಾಡಿದೆ. ನಂಬರು ಕೊಟ್ಟು ಕಾರ್ಡು ಎಬ್ಬಿಸಿದ ತಕ್ಷಣ, ಬಣ್ಣ! ನನ್ನ ಕಾರ್ಡಿನ ಅದೇ ಹಳೆಯ ಬಣ್ಣ. ಸ್ವಿಚ್ಚು ಹಾಕಿದರೆ ನಡುಗುತ್ತಿದ್ದ ಅಂಚು ನೆಟ್ಟಗಾಯಿತು. ಆಮೇಲೆ ವಿಸಿಆರ್ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಟೇಪು ಓದುವ ಹೆಡ್ಡು ಒರೆಸಿ, ಮದುವೆ ಕ್ಯಾಸೆಟ್ಟು ಹಾಕಿದೆ. ಸುಕ್ಕಿನ ಜಾಗ ಬಂದಾಗ ಟೇಪು ಎಳೆಯುವ ಕಂಬವನ್ನು ಕಿರುಬೆರಳಿನಿಂದ ಕೂದಲೆಳೆಯಷ್ಟು ಒತ್ತಿ ಹಿಡಿದೆ. ಅದನ್ನು ಯಾವ ಡ್ರೈವರೂ ಮಾಡುವುದಿಲ್ಲ. ಮೂವತ್ತೈದು ವರ್ಷದ ಕೈ ಮಾಡಬೇಕು. ಆ ಎರಡು ನಿಮಿಷ ಬೆರಳು ಕದಲಿಸಲಿಲ್ಲ. ಪರದೆ ನೀಲಿಯಾಗಲಿಲ್ಲ. ಬಿಳಿ ಗೆರೆ ಬಂದವು, ಚಿತ್ರ ಬಳುಕಿತು, ಆದರೆ ಕೈಗಳು ಇದ್ದವು. ಏನು ಹೇಳುತ್ತಿವೆ ಎಂದು ನನಗೆ ಒಂದಕ್ಷರ ತಿಳಿಯಲಿಲ್ಲ.

ಮೇಡಂ ಮಾರನೆಯ ಬೆಳಿಗ್ಗೆಯೇ ಆಟೋದಲ್ಲಿ ಅಮ್ಮನನ್ನು ಕರೆದುಕೊಂಡು ಬಂದರು. ಸಣ್ಣ ದೇಹ, ನೀಟಾಗಿ ಉಟ್ಟ ಸೀರೆ, ಮಡಿಲಲ್ಲಿ ಬಲಗೈಯನ್ನು ಎಡಗೈ ಮುಚ್ಚಿಕೊಂಡಿತ್ತು. ಕಣ್ಣು ಮಾತ್ರ ಅಂಗಡಿಯನ್ನೆಲ್ಲ ಒಂದು ಸುತ್ತು ಹೊಡೆದು, ನನ್ನ ಮೇಜಿನ ಮೇಲಿದ್ದ ಧೂಳನ್ನು ನೋಡಿ, ನನ್ನನ್ನು ನೋಡಿತು. ನಾನು ಬೇಗ ಬಟ್ಟೆ ತೆಗೆದು ಒರೆಸಿದೆ.

ಹಾಕಿದೆ. ಪರದೆಯಲ್ಲಿ ನಲವತ್ತರ ಆಚೀಚೆಯ ಹೆಂಗಸು ಎದ್ದು ನಿಂತು, ಜನರೆಲ್ಲರನ್ನು ಒಮ್ಮೆ ನೋಡಿ, ಎರಡೂ ಕೈ ಎತ್ತಿದಳು. ಇತ್ತ ಅಂಗಡಿಯಲ್ಲಿ ಮಗಳು ಕುರ್ಚಿಯ ತುದಿಗೆ ಬಂದರು. ಅವರ ಮನೆಯೊಳಗಿನ ಸನ್ನೆಗಳವು, ಹೊರಗೆ ಯಾರಿಗೂ ಬರುವುದಿಲ್ಲ. ಅಮ್ಮನಿಗೆ ಕಾಣುವಂತೆ ತಾವೂ ಅದೇ ಸನ್ನೆ ಮಾಡುತ್ತಾ, ತಡೆತಡೆದು ಓದಿದರು.

“ಇವಳು... ಬೆಳಗ್ಗೆ... ಕೂಗಿದ್ರೆ ಏಳಲ್ಲ. ಬಾಗಿಲು ಬಡಿದ್ರೂ ಏಳಲ್ಲ. ನಾನು ಯಾವತ್ತೂ ಕೂಗಿಲ್ಲ... ನನಗೆ ಬರಲ್ಲ. ಭುಜ ಮುಟ್ಟಿ ಎಬ್ಬಿಸಿದ್ದೀನಿ. ನೀವೂ ಮುಟ್ಟಿ ಎಬ್ಬಿಸಿ. ಇದು ನಾನು ಮಾಡಿದ ಅಭ್ಯಾಸ... ತಪ್ಪು ನನ್ನದು. ಅವಳನ್ನ ಬಯ್ಯಬೇಡಿ.”

ಅಂಗಡಿ ಹೊರಗೆ ಯಾವುದೋ ಆಟೋ ಹಾರನ್ ಹೊಡೆಯುತ್ತಲೇ ಇತ್ತು. ಮಗಳು ಅಳುತ್ತಾ ನಗುತ್ತಾ ನನ್ನ ಕಡೆ ತಿರುಗಿದರು.

“ಇದನ್ನ ಆ ದೊಡ್ಡಮ್ಮ ನುಂಗಿಬಿಟ್ಟಳಲ್ಲ ಅಣ್ಣ! ಮದುಮಗಳು ಸೋಮಾರಿ ಅಂತ ಬೀಗರ ಮುಂದೆ ಹೇಳೋದು ಹೇಗೆ ಅಂತ. ಲೇಟಾಗಿ ಏಳ್ತೀನಿ ಅಂತ ಅತ್ತೆ ಹತ್ರ ಎಷ್ಟು ವರ್ಷ ಬೈಸ್ಕೊಂಡಿದ್ದೀನಿ ಗೊತ್ತಾ?”

ಅಷ್ಟರಲ್ಲಿ ಅಮ್ಮ ಮಗಳ ಮೊಣಕೈ ತಟ್ಟಿದರು. ಪರದೆಯ ಕಡೆ ಬೊಟ್ಟು ಮಾಡಿದರು, ಇಲ್ಲ ಎಂಬಂತೆ ತಲೆ ಆಡಿಸಿದರು. ಆಮೇಲೆ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಎರಡು ಬೆರಳು ಚಾಚಿ, ಗಾಳಿಯಲ್ಲಿ ಮೆಲ್ಲಗೆ ಏನನ್ನೋ ಮುಟ್ಟಿದರು. ಮಗಳು ನೋಡುತ್ತಿದ್ದರು. ಪರದೆಯನ್ನಲ್ಲ, ಆ ಕೈಯನ್ನು.

“ಏನಂತೆ ಮೇಡಂ?”

“ನಾನು ತಪ್ಪಾಗಿ ಓದಿದ್ನಂತೆ. ಮುಟ್ಟಿ ಅಂದಿದ್ದಲ್ಲ, ಎರಡು ಸಲ ಮುಟ್ಟಿ ಅಂದಿದ್ದಂತೆ. ಒಂದು ಸಲಕ್ಕೆ ನಾನು ಏಳ್ತಿರಲಿಲ್ವಂತೆ.”

ನಾನು ಹಿಂದಕ್ಕೆ ತಂದು, ಒಂದೊಂದೇ ಚಿತ್ರವಾಗಿ ನಡೆಸಿದೆ. ಬಿಳಿ ಗೆರೆಯ ಕೆಳಗೆ ಕೈ ಒಂದು ಸಲ ಇಳಿಯಿತು. ಮೇಲೆದ್ದು ಇನ್ನೊಂದು ಸಲ ಇಳಿಯಿತು. ಎರಡೇ.

ಹೌದು ಎಂದು ಹೇಳಲು ತಿರುಗಿದೆ. ಇಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. “ದೊಡ್ಡಮ್ಮ ಬರೀ ಒಂದು ಸಾಲು ಹೇಳಿದ್ರು” ಎನ್ನುತ್ತಾ ಮಗಳು ಅದನ್ನೇ ಕೈಯಲ್ಲೂ ಅಮ್ಮನಿಗೆ ಹೇಳುತ್ತಿದ್ದರು. ಅಮ್ಮನ ಎಡಗೈ ಇನ್ನೂ ಕೆಳಗೆ ಇಳಿದಿರಲಿಲ್ಲ. ದೊಡ್ಡಮ್ಮನ ಬಗ್ಗೆ ಅದಕ್ಕೆ ಹೇಳುವುದು ಬಹಳ ಇತ್ತು.